ಮನೆಯಲ್ಲೇ ಸ್ಟೀಲ್ ಗಿಟಾರ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಾಡಿದ ಗಿಟಾರನ್ನು ತೊಡೆಯ ಮೇಲಿಟ್ಟು ನುಡಿಸುವಾಗ ಜನ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದು ಆರು ತಂತಿಯ, ವಿದ್ಯುತ್ ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇರುವ, ತೊಡೆಯ ಮೇಲೆ ಮಲಗಿಸಿ ನುಡಿಸುವ ಸರಳ ಸ್ಟೀಲ್ ಗಿಟಾರಿನ ವಿಷಯ. ಅಳತೆಗಳೆಲ್ಲ ನಾನು ಬಳಸುವ ಅಳತೆಗಳೇ.

ಸ್ಟೀಲ್ ಗಿಟಾರ್ ಅಂದರೆ ಸ್ಟೀಲಿನಿಂದ ಮಾಡಿದ ಗಿಟಾರಾ?

ಅಲ್ಲ. ಎಡಗೈಯಲ್ಲಿ ಹಿಡಿಯುವ ಉಕ್ಕಿನ ತುಂಡಿನಿಂದ ಆ ಹೆಸರು ಬಂದಿದೆ. ಮಾಮೂಲಿ ಗಿಟಾರಿನಲ್ಲಿ ಬೆರಳಿನಿಂದ ತಂತಿಯನ್ನು ಮೆಟ್ಟಿಲಿಗೆ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಫ್ರೆಟ್ ಪಟ್ಟಿಗೆ, ಒತ್ತುತ್ತೇವೆ. ಇಲ್ಲಿ ಒತ್ತುವ ಮಾತೇ ಇಲ್ಲ. ತಂತಿಯ ಮೇಲೆ ಉಕ್ಕಿನ ಬಾರ್ ಇಟ್ಟು ಜಾರಿಸುತ್ತೇವೆ. ಸ್ವರದಿಂದ ಸ್ವರಕ್ಕೆ ಎಲ್ಲೂ ಕಡಿಯದೆ ಹೋಗಬಹುದು. ಚಿತ್ರವೀಣೆ ಕೇಳಿದವರಿಗೆ ಇದು ಹೊಸದೇನಲ್ಲ. ಗೋಟುವಾದ್ಯ ಅಂತಲೂ ಅದನ್ನು ಕರೆಯುತ್ತಾರೆ. ಅದರಲ್ಲೂ ಮೆಟ್ಟಿಲಿಲ್ಲ, ತಂತಿಯ ಮೇಲೆ ಗಟ್ಟಿ ತುಂಡೊಂದು ಜಾರುತ್ತದೆ. ಉತ್ತರದ ವಿಚಿತ್ರವೀಣೆಯ ಕ್ರಮವೂ ಇದೇ.

ಇದು ಹುಟ್ಟಿದ್ದು ಎಲ್ಲಿ?

ಹವಾಯಿ ದ್ವೀಪಗಳಲ್ಲಿ. ಓಆಹು ದ್ವೀಪದ ಲಾಯಿಯೆ ಎಂಬ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬುವರಿಗೆ ಇದರ ಹೆಸರು ಸಲ್ಲುತ್ತದೆ. ಶಾಲೆಯಲ್ಲಿ ಓದುವ ಹುಡುಗನಾಗಿದ್ದಾಗಲೇ ಅವರು ಗಿಟಾರಿನ ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸಲು ಶುರುಮಾಡಿದರು. 1904ರಲ್ಲಿ ಅಮೆರಿಕದ ಮುಖ್ಯಭೂಮಿಗೆ ಹೋಗಿ ಊರೂರು ಸುತ್ತಿ ನುಡಿಸಿದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿದ ಮೇಲಂತೂ ಅಮೆರಿಕದ ಜನ ಇದಕ್ಕೆ ಮರುಳಾದರು.

ನಮಗೆ ಕುತೂಹಲ ಹುಟ್ಟಿಸುವ ಇನ್ನೊಂದು ಮಾತೂ ಇದೆ. ಗೇಬ್ರಿಯೆಲ್ ಡೇವಿಯನ್ ಎಂಬ, ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಹವಾಯಿಗೆ ಹೋದ ಒಬ್ಬರು ಕೆಕುಕುಗಿಂತ ಮೊದಲೇ ಹೀಗೆ ನುಡಿಸುತ್ತಿದ್ದರು ಎಂದು ಹೇಳುವವರಿದ್ದಾರೆ. ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಆದರೆ ವಾದ್ಯ ಮಾತ್ರ ನಮ್ಮ ದೇಶಕ್ಕೆ ಖಂಡಿತ ಬಂತು. ಹವಾಯಿ ಕಡೆಯ ಟಾವು ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸುತ್ತಿದ್ದರು. ಆಮೇಲೆ ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಅವರಂಥವರು ಸಿನಿಮಾ ಹಾಡುಗಳನ್ನು ಇದರಲ್ಲಿ ನುಡಿಸಿ ಮನೆಮನೆಗೆ ಮುಟ್ಟಿಸಿದರು. ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಇದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಗಿಟಾರಿಗೆ ತರಬ್ ತಂತಿಗಳನ್ನು (ಮೀಟದೆ ತಾವಾಗಿ ಅನುರಣಿಸುವ ತಂತಿಗಳು) ಸೇರಿಸಿ ಮೋಹನವೀಣೆ ಮಾಡಿಕೊಂಡರು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಈ ವಾದ್ಯವನ್ನು ಕೈಗೆ ತೆಗೆದುಕೊಂಡವರಲ್ಲಿ ತುಂಬಾ ಜನ ಅದನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡಿದ್ದಾರೆ, ಅಲ್ವಾ? ನಾವು ಮನೆಯಲ್ಲಿ ಮಾಡಿಕೊಂಡರೂ ತಪ್ಪಲ್ಲ.

ಮರಗೆಲಸ ಗೊತ್ತಿಲ್ಲದವರೂ ಮಾಡಬಹುದಾ?

ಮಾಡಬಹುದು. ತಂತಿವಾದ್ಯಗಳಲ್ಲಿ ಮನೆಯಲ್ಲಿ ಮಾಡಲು ಇದಕ್ಕಿಂತ ಸುಲಭವಾದದ್ದು ನನಗೆ ಕಂಡಿಲ್ಲ. ಮಾಮೂಲಿ ಗಿಟಾರಿನಲ್ಲಿ ಕಷ್ಟದ ಕೆಲಸಗಳು ಮೂರು. ಕುತ್ತಿಗೆಯನ್ನು ಅಂಗೈಗೆ ಒಗ್ಗುವಂತೆ ಕೆತ್ತುವುದು, ಅದನ್ನು ಸರಿಯಾದ ಕೋನದಲ್ಲಿ ಕೂರಿಸುವುದು, ಮೆಟ್ಟಿಲುಗಳನ್ನು ಒಂದೇ ಎತ್ತರಕ್ಕೆ ಬಡಿದು ಉಜ್ಜುವುದು. ಇಲ್ಲಿ ಮೂರೂ ಇಲ್ಲ. ಒಂದು ದಪ್ಪ ಹಲಗೆ, ಎರಡು ತುದಿಯಲ್ಲಿ ತಂತಿ ಹೊರುವ ಎರಡು ಲೋಹದ ಪಟ್ಟಿ (ಕೀ ಕಡೆಯದು ನಟ್, ಇನ್ನೊಂದು ಕುದುರೆ), ಆರು ತಂತಿ, ಅವನ್ನು ಬಿಗಿಯುವ ಆರು ಕೀ, ಒಂದು ಪಿಕಪ್. ಅಷ್ಟೇ.

ಹಾಗಂತ ಹೇಗೋ ಮಾಡಿದರೆ ಆಗುವುದಿಲ್ಲ. ಮೂರು ವಿಷಯದಲ್ಲಿ ಸಡಿಲ ಬಿಡಬೇಡಿ: ಹಲಗೆ ಬಗ್ಗಬಾರದು, ಎಲ್ಲ ತಂತಿಗಳ ಮೇಲ್ಭಾಗ ಒಂದೇ ಸಮದಲ್ಲಿರಬೇಕು, ಸ್ವರದ ಜಾಗ ತೋರಿಸಲು ಹಲಗೆಯ ಮೇಲೆ ಎಳೆಯುವ ಗೆರೆಗಳು ಸರಿಯಾದ ಜಾಗದಲ್ಲಿರಬೇಕು. ಉಳಿದಿದ್ದೆಲ್ಲ ನಿಮ್ಮ ಇಷ್ಟ.

ಯಾವ ಮರ ಒಳ್ಳೆಯದು?

ಒಣಗಿದ ಮರ. ಜಾತಿಗಿಂತ ಒಣಗಿರುವುದು ಮುಖ್ಯ. ಹಸಿ ಮರದಲ್ಲಿ ಮಾಡಿದರೆ ಎರಡು ತಿಂಗಳಲ್ಲಿ ತಿರುಚಿಕೊಳ್ಳುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಹಳೆ ಮನೆ ಕೆಡವಿದಾಗ ಸಿಗುವ ತೇಗದ ಬಾಗಿಲ ಚೌಕಟ್ಟು. ಐವತ್ತು ಅರವತ್ತು ವರ್ಷ ಮಳೆ ಬಿಸಿಲು ನೋಡಿದ ಮರ ಅದು. ಬಗ್ಗುವುದೆಲ್ಲ ಆಗಲೇ ಬಗ್ಗಿ ಮುಗಿದಿರುತ್ತದೆ. ಮೊಳೆಗಳು ಒಳಗೆ ಉಳಿದಿರುತ್ತವೆ, ಅಷ್ಟು ನೋಡಿಕೊಳ್ಳಿ. ಗರಗಸ ಹಾಕುವ ಮೊದಲು ಒಂದು ಅಯಸ್ಕಾಂತವನ್ನು ಮರದ ಮೇಲೆಲ್ಲ ಓಡಿಸಿ.

ಹಲಸು ಕೂಡ ಚೆನ್ನಾಗಿರುತ್ತದೆ. ನಮ್ಮಲ್ಲಿ ವೀಣೆಗೆ ಹಲಸನ್ನು ಬಳಸುವ ಪದ್ಧತಿ ಇದೆ. ದೊಡ್ಡಬಳ್ಳಾಪುರದ ಹತ್ತಿರ ಸಿಂಪಾಡಿಪುರದಲ್ಲಿ ಊರಿಗೆ ಊರೇ ವೀಣೆ ಮಾಡುವುದಕ್ಕೆ ಹೆಸರಾಗಿದೆ, ಅಲ್ಲೂ ಹಲಸಿನ ಮರವೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. ಹಗುರ ಮರ, ಕೊಯ್ಯಲು ಸುಲಭ. ಮೊದಲ ಪ್ರಯತ್ನಕ್ಕೆ ಸಾಕು. ಮಾವು ಕೂಡ ಆಗುತ್ತದೆ, ಆದರೆ ಹುಳ ಬಿದ್ದಿದೆಯಾ ನೋಡಿ. ಪ್ಲೈವುಡ್ ಆದರೆ ಒಳ್ಳೆ ಗಟ್ಟಿಯ ಪ್ಲೈ ಎರಡು ಮೂರು ಪದರ ಅಂಟಿಸಿಕೊಳ್ಳಿ. ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡ, ಸ್ಕ್ರೂ ಹಿಡಿಯುವುದಿಲ್ಲ.

ಮರದಿಂದ ಧ್ವನಿ ಎಷ್ಟು ಬದಲಾಗುತ್ತದೆ ಅಂತ ಕೇಳುತ್ತಾರೆ. ವಿದ್ಯುತ್ ಗಿಟಾರಿನಲ್ಲಿ ಪಿಕಪ್, ಅದರ ಜಾಗ, ತಂತಿ, ಬಾರ್ ಇವೇ ಜಾಸ್ತಿ ಮಾತಾಡುತ್ತವೆ. 1930ರ ದಶಕದ ಶುರುವಿನಲ್ಲಿ ಬಂದ ರಿಕನ್‌ಬ್ಯಾಕರ್ ಕಂಪನಿಯ ಮೊದಲ ವಿದ್ಯುತ್ ಸ್ಟೀಲ್ ಗಿಟಾರ್ ಇಡೀ ಅಲ್ಯೂಮಿನಿಯಂ ಎರಕದ್ದು. ದುಂಡಗಿನ ಮೈ, ಉದ್ದ ಕುತ್ತಿಗೆ ಇದ್ದುದರಿಂದ ಜನ ಅದನ್ನು ಬಾಣಲೆ ಅಂತಲೇ ಕರೆದರು. ಅದನ್ನು ರೂಪಿಸಿದ ಜಾರ್ಜ್ ಬೋಷಾಂಪ್ 1931ರಲ್ಲಿ ಅದರ ಮೊದಲ ಮಾದರಿ ಮಾಡಿಸಿದ್ದು ಮಾತ್ರ ಮರದಲ್ಲಿ. ಆ ಲೋಹದ ಗಿಟಾರಿಗೆ ಒಂದು ತೊಂದರೆ ಇತ್ತು. ವೇದಿಕೆಯ ದೀಪದ ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿ ಶ್ರುತಿ ಹೋಗುತ್ತಿತ್ತು. ಮರಕ್ಕೆ ಆ ಕಾಟ ಇಲ್ಲ.

ಅಳತೆ ಎಷ್ಟಿರಬೇಕು?

ಹಲಗೆ 800 ಮಿ.ಮೀ. ಉದ್ದ, 100 ಮಿ.ಮೀ. ಅಗಲ, 45 ಮಿ.ಮೀ. ದಪ್ಪ. ತಲೆಯ ಕಡೆ ಕೀ ಕೂರಿಸುವ 150 ಮಿ.ಮೀ. ಜಾಗದಲ್ಲಿ ಮಾತ್ರ ಮೇಲಿನಿಂದ ಕೊಯ್ದು ದಪ್ಪವನ್ನು 20 ಮಿ.ಮೀ.ಗೆ ಇಳಿಸಿ. ಹೀಗೆ ಇಳಿಸಿದರೆ ತಂತಿ ನಟ್ ದಾಟಿದ ಮೇಲೆ ಕೆಳಗೆ ಬಾಗಿ ಹೋಗುತ್ತದೆ, ನಟ್ ಮೇಲೆ ಬಿಗಿಯಾಗಿ ಕೂರುತ್ತದೆ. ಈ ಬಾಗು ಇಲ್ಲದಿದ್ದರೆ ತಂತಿ ಗುಂಯ್‌ಗುಡುತ್ತದೆ.

ನಟ್‌ನಿಂದ ಕುದುರೆಯವರೆಗಿನ ದೂರವೇ ಮುಖ್ಯ ಅಳತೆ. ತೊಡೆಯ ಮೇಲಿಟ್ಟು ನುಡಿಸುವ ಹಳೆಯ ಲ್ಯಾಪ್ ಸ್ಟೀಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಪ್ಪತ್ತೆರಡೂವರೆ ಇಂಚು, ಅಂದರೆ 571.5 ಮಿ.ಮೀ. ನಾನು ಲೆಕ್ಕ ಸುಲಭವಾಗಲಿ ಅಂತ 570 ಇಡುತ್ತೇನೆ. ಇದಕ್ಕಿಂತ ಉದ್ದ ಮಾಡಿದರೆ ಗೆರೆಗಳ ನಡುವೆ ಜಾಗ ಜಾಸ್ತಿ ಸಿಗುತ್ತದೆ, ಶ್ರುತಿ ಹಿಡಿಯುವುದು ಸ್ವಲ್ಪ ಸುಲಭ. ಆದರೆ ತಂತಿಯ ಎಳೆತವೂ ಏರುತ್ತದೆ, ಬಾರನ್ನು ಓರೆಯಾಗಿ ಇಡುವುದೂ ಕಷ್ಟ.

ಮೈ ಆಕಾರ ಹೇಗಿದ್ದರೂ ನಡೆಯುತ್ತದೆ. ತೊಡೆಯ ಮೇಲೆ ಜಾರದೆ ಕೂತರೆ ಸಾಕು.

ಹಲಗೆ ಅಷ್ಟು ದಪ್ಪ ಯಾಕೆ? ತೆಳ್ಳಗೆ ಮಾಡಿದರೆ ಹಗುರ ಆಗಲ್ವಾ?

ಆಗುತ್ತದೆ, ಆದರೆ ಬಗ್ಗುತ್ತದೆ. ಕೆಳಗೆ ಹೇಳುವ ಸಿ ಆರನೇ ಶ್ರುತಿಗೆ ಆರು ತಂತಿ ಬಿಗಿದರೆ ಒಂದೊಂದೂ 10ರಿಂದ 13 ಕೆ.ಜಿ.ಯಷ್ಟು ಎಳೆಯುತ್ತದೆ. ಒಟ್ಟು ಸುಮಾರು 70 ಕೆ.ಜಿ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಹಲಗೆಯ ಎರಡು ತುದಿಯನ್ನು ಹಿಡಿದು ಎಳೆಯುತ್ತಿದ್ದಾನೆ ಅಂತ ಅಂದುಕೊಳ್ಳಿ.

ನನ್ನ ಮೊದಲ ಗಿಟಾರನ್ನು 25 ಮಿ.ಮೀ. ಪೈನ್ ಹಲಗೆಯಲ್ಲಿ ಮಾಡಿದ್ದೆ. ಪ್ಯಾಕಿಂಗ್ ಪೆಟ್ಟಿಗೆಯ ಮರ. ಮೊದಲ ದಿನ ಚೆನ್ನಾಗಿತ್ತು. ಒಂದು ವಾರ ಕಳೆದ ಮೇಲೆ ನಡುಭಾಗ ತಗ್ಗಿ ತಂತಿ ಮೇಲೆದ್ದಿತ್ತು. ಒಂದು ತಂತಿಯನ್ನು ಶ್ರುತಿ ಮಾಡಿದರೆ ಉಳಿದ ಐದೂ ಇಳಿಯುತ್ತಿದ್ದವು. ಹಲಗೆ ಬಗ್ಗುವ ವಾದ್ಯದಲ್ಲಿ ಹೀಗೇ ಆಗುವುದು. ಆ ಹಲಗೆಯನ್ನು ಬಿಚ್ಚಿ, ಕೀ ಮತ್ತು ಪಿಕಪ್ ಉಳಿಸಿಕೊಂಡು, ತೇಗದಲ್ಲಿ ಮತ್ತೆ ಮಾಡಿದೆ. 45 ಮಿ.ಮೀ. ಗಟ್ಟಿ ಮರಕ್ಕೆ ಒಳಗೆ ಕಬ್ಬಿಣದ ಸರಳು ಏನೂ ಬೇಡ.

ನಟ್ ಮತ್ತು ಕುದುರೆಗೆ ಏನು ಬಳಸಬೇಕು?

ವೀಣೆಯವರು ಕುದುರೆ ಅನ್ನುವುದನ್ನೇ ಗಿಟಾರಿನವರು ಬ್ರಿಡ್ಜ್ ಅನ್ನುತ್ತಾರೆ. ಎರಡು ತುದಿಗೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಲ್ ಆಂಗಲ್ ಸಾಕು. 20 ಮಿ.ಮೀ. ಅಗಲದ, 3 ಮಿ.ಮೀ. ದಪ್ಪದ ಕಬ್ಬಿಣದ ಆಂಗಲ್ ತೆಗೆದುಕೊಳ್ಳಿ. ಒಂದು ಬದಿ ಹಲಗೆಗೆ ಸ್ಕ್ರೂ ಹಾಕಲು, ಇನ್ನೊಂದು ಬದಿ ನೆಟ್ಟಗೆ ನಿಂತು ತಂತಿ ಹೊರಲು. ನಿಲ್ಲುವ ಬದಿಯನ್ನು 12 ಮಿ.ಮೀ.ಗೆ ಕೊಯ್ದು ಅಂಚನ್ನು ಅರದಿಂದ ದುಂಡಗೆ ಮಾಡಿ. ಎರಡರ ಎತ್ತರವೂ ಒಂದೇ ಇರಲಿ.

ಮಾಮೂಲಿ ಗಿಟಾರಿನಲ್ಲಿ ಕುದುರೆ ಸ್ವಲ್ಪ ಓರೆ ಇರುವುದನ್ನು ನೋಡಿರುತ್ತೀರಿ. ಬೆರಳಿನಿಂದ ಒತ್ತಿದಾಗ ತಂತಿ ಹಿಗ್ಗಿ ಶ್ರುತಿ ಏರುತ್ತದೆ, ಅದನ್ನು ಸರಿದೂಗಿಸಲು ಆ ಓರೆ. ನಮ್ಮ ವಾದ್ಯದಲ್ಲಿ ಒತ್ತುವುದಿಲ್ಲವಲ್ಲ, ಹಾಗಾಗಿ ಕುದುರೆ ನಟ್‌ಗೆ ನೇರ ಸಮಾನಾಂತರವಾಗಿರಬೇಕು. ಮೂಲೆಮಟ್ಟ ಇಟ್ಟು ನೋಡಿ ಸ್ಕ್ರೂ ಹಾಕಿ.

ಈಗ ತುಂಬಾ ಜನ ಎಡವುವ ಜಾಗಕ್ಕೆ ಬಂದೆವು. ತಂತಿಗಳಿಗೆ ನಟ್‌ನಲ್ಲಿ ಸಣ್ಣ ಗಾಡಿ, ಅಂದರೆ ತಂತಿ ಕೂರುವ ತೋಡು, ಕೊರೆಯಬೇಕು. ಎಲ್ಲ ಗಾಡಿಯನ್ನೂ ಒಂದೇ ಆಳ ಕೊರೆದರೆ ದಪ್ಪ ತಂತಿಯ ತಲೆ ಮೇಲಿರುತ್ತದೆ, ಸಣ್ಣ ತಂತಿಯದು ಕೆಳಗಿರುತ್ತದೆ. ಸಿ ಆರನೇ ಶ್ರುತಿಗೆ ಕೆಳಗೆ ಹೇಳುವ ತಂತಿಯ ಸೆಟ್‌ನಲ್ಲಿ ಅತಿ ದಪ್ಪ ಮತ್ತು ಅತಿ ಸಣ್ಣ ತಂತಿಗೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಇದೆ. ಅರ್ಧ ಮಿ.ಮೀ. ತಾನೇ ಅನ್ನಿಸಬಹುದು. ಆದರೆ ಬಾರ್ ನೇರ ಉಕ್ಕು. ಅದು ದಪ್ಪ ತಂತಿಯ ಮೇಲೆ ಕೂತರೆ ಪಕ್ಕದ ಸಣ್ಣ ತಂತಿಗೆ ಸರಿಯಾಗಿ ತಾಗುವುದಿಲ್ಲ, ಝರಝರ ಅನ್ನುತ್ತದೆ. ಆದ್ದರಿಂದ ದಪ್ಪ ತಂತಿಯ ಗಾಡಿ ಆಳ, ಸಣ್ಣ ತಂತಿಯದು ಮೇಲೆ. ತಂತಿ ಹಾಕಿ ಒಂದು ಸ್ಟೀಲ್ ಸ್ಕೇಲ್ ಅಡ್ಡ ಇಡಿ. ಆರೂ ತಂತಿಗೂ ಸ್ಕೇಲ್ ತಾಗಬೇಕು. ತಾಗದಿದ್ದರೆ ತೆಗೆದು ಸ್ವಲ್ಪ ಉಜ್ಜಿ ಮತ್ತೆ ನೋಡಿ. ಕುದುರೆಯಲ್ಲೂ ಹೀಗೇ. ನನಗೆ ಈ ಒಂದು ಕೆಲಸಕ್ಕೇ ಒಂದು ಸಂಜೆ ಹಿಡಿಯಿತು. ಅಷ್ಟು ಹೊತ್ತು ಕೊಡಬೇಕಾದ ಕೆಲಸವೇ ಅದು.

ತಂತಿಯಿಂದ ತಂತಿಗೆ 10 ಮಿ.ಮೀ. ಅಂತರ ಕೊಡಿ, ಎರಡು ತುದಿಯಲ್ಲೂ. ಮೊದಲ ತಂತಿಯಿಂದ ಆರನೆಯದಕ್ಕೆ 50 ಮಿ.ಮೀ. ಆಯಿತು. ಅಂಗಡಿಯಲ್ಲಿ ಸಿಗುವ ಪಿಕಪ್‌ಗೆ ಇದು ಹೊಂದುತ್ತದೆ.

ತಂತಿಯ ಹಿಂದಿನ ತುದಿಯನ್ನು ಎಲ್ಲಿ ಕಟ್ಟುವುದು?

ಕುದುರೆಯ ಹಿಂದೆ 40 ಮಿ.ಮೀ. ಬಿಟ್ಟು ಇನ್ನೊಂದು ಆಂಗಲ್ ಹಾಕಿ. ಹಲಗೆಯಿಂದ 5 ಮಿ.ಮೀ. ಎತ್ತರದಲ್ಲಿ ಅದಕ್ಕೆ ಆರು ಸಣ್ಣ ತೂತು, 2 ಮಿ.ಮೀ.ನವು. ತಂತಿಯ ತುದಿಯ ಗುಂಡು ಹಿಂದೆ ನಿಲ್ಲುತ್ತದೆ. 70 ಕೆ.ಜಿ. ಎಳೆತ ಹೊರುವುದು ಈ ತುಂಡೇ, ಹಾಗಾಗಿ ನಾಲ್ಕು ಉದ್ದನೆಯ ಸ್ಕ್ರೂ ಹಾಕಿ. ಎರಡು ಸಾಲದು. ಸ್ಕ್ರೂ ಹಾಕುವ ಮೊದಲು ಸಣ್ಣ ಬಿಟ್‌ನಿಂದ ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಒಣ ತೇಗ ಸೀಳುತ್ತದೆ.

ಗೆರೆಗಳನ್ನು ಎಲ್ಲಿ ಎಳೆಯಬೇಕು?

ಇಲ್ಲಿ ಮೆಟ್ಟಿಲು ಇಲ್ಲ, ಮೆಟ್ಟಿಲಿನ ಜಾಗ ತೋರಿಸುವ ಗೆರೆ ಮಾತ್ರ. ಲೆಕ್ಕ ಹೀಗೆ: ಒಟ್ಟು ಉದ್ದವನ್ನು 17.817ರಿಂದ ಭಾಗಿಸಿ. ಬಂದದ್ದು ಮೊದಲ ಗೆರೆಯ ದೂರ. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೆಯದು. ಹೀಗೇ ಮುಂದೆ. 570 ಮಿ.ಮೀ.ಗೆ ನಾನು ಲೆಕ್ಕ ಹಾಕಿಟ್ಟಿರುವುದು ಇದು. ಎಲ್ಲವೂ ನಟ್‌ನಿಂದ, ಮಿ.ಮೀ.ನಲ್ಲಿ:

1 – 32.0
2 – 62.2
3 – 90.7
4 – 117.6
5 – 143.0
6 – 166.9
7 – 189.6
8 – 210.9
9 – 231.1
10 – 250.1
11 – 268.1
12 – 285.0

ಹನ್ನೆರಡನೆಯದು ಸರಿಯಾಗಿ ಅರ್ಧ. ಅದರಾಚೆಗೆ ಬೇಕಿದ್ದರೆ ಇದೇ ಅಂಕಿಗಳನ್ನು ಅರ್ಧ ಮಾಡಿ 285ಕ್ಕೆ ಕೂಡಿಸಿ. ಉದಾಹರಣೆಗೆ ಹದಿನೇಳನೆಯದು 285ಕ್ಕೆ 71.5 ಕೂಡಿಸಿ 356.5. ಇಪ್ಪತ್ನಾಲ್ಕನೆಯದು 427.5.

ಪ್ರತಿ ಗೆರೆಯನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಗೆರೆಯಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಸಣ್ಣ ಸಣ್ಣ ತಪ್ಪು ಕೂಡಿಕೊಂಡು ಹನ್ನೆರಡನೇ ಗೆರೆಗೆ ಬರುವಷ್ಟರಲ್ಲಿ ಎರಡು ಮೂರು ಮಿ.ಮೀ. ಆಗಿಬಿಡುತ್ತದೆ. ಸ್ಟೀಲ್ ಸ್ಕೇಲನ್ನು ಟೇಪ್ ಹಾಕಿ ಹಲಗೆಗೆ ಅಂಟಿಸಿ, ಒಂದೇ ಸಲಕ್ಕೆ ಎಲ್ಲ ಗುರುತು ಹಾಕಿ.

ಗೆರೆಗೆ ಶಾಶ್ವತ ಮಾರ್ಕರ್ ಸಾಕು. ಆಸೆ ಇದ್ದವರು ಸಣ್ಣ ಗರಗಸದಲ್ಲಿ ಗೀರಿ ಬಿಳಿ ಬಣ್ಣ ತುಂಬಬಹುದು.

ಗೆರೆ ಸರಿ ಇದೆ, ಆದರೂ ಸ್ವರ ತಪ್ಪುತ್ತಿದೆ. ಯಾಕೆ?

ಮೊದಲು ಕುದುರೆಯ ಜಾಗ ನೋಡಿ. ಹನ್ನೆರಡನೇ ಗೆರೆಯ ನೇರಕ್ಕೆ ತಂತಿಯನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮೀಟಿ, ತಕ್ಷಣ ಬೆರಳು ತೆಗೆಯಿರಿ. ಗಂಟೆಯಂಥ ಸ್ವರ ಬರುತ್ತದೆ. ಆಮೇಲೆ ಅದೇ ಜಾಗದಲ್ಲಿ ಬಾರ್ ಇಟ್ಟು ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ಆಗದಿದ್ದರೆ ಕುದುರೆ ಆಚೀಚೆ ಆಗಿದೆ.

ಅದು ಸರಿಯಿದ್ದರೆ ತೊಂದರೆ ಕಣ್ಣಿನದು. ತಂತಿ ಗೆರೆಗಿಂತ 12 ಮಿ.ಮೀ. ಮೇಲಿದೆ. ಪಕ್ಕದಿಂದ ಓರೆಯಾಗಿ ನೋಡಿದರೆ ಬಾರ್ ಗೆರೆಯ ಮೇಲಿದ್ದ ಹಾಗೆ ಕಾಣುತ್ತದೆ, ನಿಜಕ್ಕೂ ಇರುವುದಿಲ್ಲ. ತಲೆಯನ್ನು ಸ್ವಲ್ಪ ಸರಿಸಿ ಬಾರಿನ ನೇರ ಮೇಲಿನಿಂದ ನೋಡಿ. ಇನ್ನೊಂದು ಮಾತು: ಮಾಮೂಲಿ ಗಿಟಾರ್ ನುಡಿಸಿ ಬಂದವರು ಮೆಟ್ಟಿಲಿನ ಹಿಂದೆ ಬೆರಳಿಟ್ಟು ರೂಢಿಯಾಗಿರುತ್ತಾರೆ. ಇಲ್ಲಿ ಬಾರಿನ ನಡುಮಧ್ಯ ಗೆರೆಯ ಸರಿಯಾಗಿ ಮೇಲೆಯೇ ಬರಬೇಕು. ಕೆಲವು ವಾರ ಕಳೆದ ಮೇಲೆ ಕಣ್ಣಿಗಿಂತ ಕಿವಿಯೇ ಜಾಗ ಹೇಳುತ್ತದೆ.

ಬಾರ್ ಎಲ್ಲಿ ಸಿಗುತ್ತದೆ?

ಲೇತ್ ಅಂಗಡಿಯಲ್ಲಿ. 20 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ರಾಡ್ 80 ಮಿ.ಮೀ. ಉದ್ದಕ್ಕೆ ಕೊಯ್ಯಿಸಿ, ಒಂದು ತುದಿಯನ್ನು ಗುಂಡಗೆ ಮಾಡಿಸಿ. ತೂಕ ಸುಮಾರು 200 ಗ್ರಾಂ ಬರುತ್ತದೆ, ಕೈಗೆ ಹಿತವಾಗಿರುತ್ತದೆ. ಆ ತೂಕವೇ ತಂತಿಯನ್ನು ಹಿಡಿದಿಡುತ್ತದೆ, ನಾವು ಅದುಮಬೇಕಿಲ್ಲ. ಹಗುರ ಬಾರ್ ಇದ್ದರೆ ಧ್ವನಿ ತೆಳುವಾಗಿ ಬೇಗ ಸಾಯುತ್ತದೆ.

ಲೇತ್‌ನಿಂದ ಬಂದ ತುಂಡಿನ ಮೇಲೆ ಸಣ್ಣ ಉಂಗುರದಂಥ ಗೀರುಗಳಿರುತ್ತವೆ. ಅವು ತಂತಿಯ ಮೇಲೆ ಕರಕರ ಸದ್ದು ಮಾಡುತ್ತವೆ. ಎಮರಿ ಪೇಪರಿನಲ್ಲಿ 400, 800, 1200 ಹೀಗೆ ಒಂದಾದ ಮೇಲೊಂದು ಉಜ್ಜಿ, ಕೊನೆಗೆ ಲೋಹದ ಪಾಲಿಶ್ ಹಾಕಿ. ನಿಮ್ಮ ಮುಖ ಅದರಲ್ಲಿ ಕಾಣಬೇಕು. ಮುಖ ಕಂಡರೆ ತಂತಿಯ ಮೇಲೆ ಸದ್ದಿಲ್ಲದೆ ಜಾರುತ್ತದೆ. ನೆಲಕ್ಕೆ ಬೀಳಿಸಬೇಡಿ. ಒಂದು ಸಣ್ಣ ಪೆಟ್ಟು ಬಿದ್ದರೂ ಪ್ರತಿ ಜಾರಿಕೆಯಲ್ಲೂ ಅದು ಕೇಳಿಸುತ್ತದೆ.

ಪಿಕಪ್ ನಾನೇ ಸುತ್ತಬಹುದಾ?

ಸುತ್ತಬಹುದು. ಕೂದಲಿಗಿಂತ ಸಣ್ಣ ಎನಾಮಲ್ ತಾಮ್ರದ ತಂತಿ, 42 ಗೇಜ್. ಅಯಸ್ಕಾಂತದ ಸುತ್ತ ಏಳೆಂಟು ಸಾವಿರ ಸುತ್ತು. ಕೈಯಲ್ಲಿ ಆಗದ ಕೆಲಸ, ಹೊಲಿಗೆ ಯಂತ್ರದ ಮೋಟಾರು ಅಥವಾ ಡ್ರಿಲ್‌ಗೆ ಕಟ್ಟಿಕೊಂಡು ಸುತ್ತುತ್ತಾರೆ. ನಡುವೆ ತಂತಿ ಒಮ್ಮೆ ತುಂಡಾದರೆ ಬೆಸುಗೆ ಹಾಕಿ ಮುಂದುವರಿಯಬೇಕು, ಇಲ್ಲವೇ ಮೊದಲಿನಿಂದ ಶುರು. ಮೊದಲ ಗಿಟಾರಿಗೆ ಬೇಡ ಅನ್ನುತ್ತೇನೆ. ತಯಾರಾದ ಪಿಕಪ್ ಕೊಂಡು ಹಾಕಿ. ವಾದ್ಯ ಮೊದಲು ನುಡಿಯಲಿ, ಆಮೇಲೆ ಸುತ್ತುವ ಆಸೆ ತೀರಿಸಿಕೊಳ್ಳಿ.

ಕುದುರೆಯಿಂದ 30ರಿಂದ 40 ಮಿ.ಮೀ. ದೂರದಲ್ಲಿ ಪಿಕಪ್ ಕೂರಿಸಿ. ಕುದುರೆಗೆ ಹತ್ತಿರ ಹೋದಷ್ಟೂ ಧ್ವನಿ ಚೂಪು, ದೂರ ಹೋದಷ್ಟೂ ಮೆತ್ತಗೆ. ಪಿಕಪ್‌ನ ತಲೆ ತಂತಿಯಿಂದ 3 ಮಿ.ಮೀ. ಕೆಳಗಿರಲಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ನಾದವನ್ನು ಬೇಗ ನಿಲ್ಲಿಸುತ್ತದೆ.

ಪಿಕಪ್‌ಗೆ ದುಡ್ಡಿಲ್ಲ. ಬೇರೆ ದಾರಿ ಇದೆಯಾ?

ಇದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪೀಜೋ ಡಿಸ್ಕ್ ಅಂತ ಸಿಗುತ್ತದೆ, ಹಿತ್ತಾಳೆ ಬಿಲ್ಲೆ, ತುಂಬಾ ಅಗ್ಗ. ಅದನ್ನು ಕುದುರೆಯ ಕೆಳಗೆ ಹಲಗೆಗೆ ಒತ್ತಿ ಕೂರಿಸಿದರೆ ಧ್ವನಿ ಬರುತ್ತದೆ. ಆದರೆ ಹಲಗೆಗೆ ಕೈ ತಾಗಿದ ಸದ್ದೂ ಬರುತ್ತದೆ. ಅಭ್ಯಾಸಕ್ಕೆ ಸಾಕು.

ವೈರಿಂಗ್ ಕಷ್ಟವಾ?

ಇಲ್ಲ. ಪಿಕಪ್‌ನಿಂದ ಎರಡು ವೈರ್ ಬರುತ್ತವೆ, ಒಂದು ಸಂಕೇತದ್ದು, ಇನ್ನೊಂದು ಗ್ರೌಂಡ್. ಸಂಕೇತದ ವೈರ್ ಧ್ವನಿ ಏರಿಸಿ ಇಳಿಸುವ ವಾಲ್ಯೂಮ್ ಪಾಟ್‌ನ ಒಂದು ಬದಿಯ ಕಾಲಿಗೆ. ಪಾಟ್‌ನ ನಡುವಿನ ಕಾಲಿನಿಂದ ಕೇಬಲ್ ಚುಚ್ಚುವ ಜಾಕ್‌ನ ತುದಿಗೆ. ಉಳಿದ ಕಾಲು, ಪಾಟ್‌ನ ಲೋಹದ ಮೈ, ಪಿಕಪ್‌ನ ಗ್ರೌಂಡ್, ಜಾಕ್‌ನ ಗ್ರೌಂಡ್ ಎಲ್ಲ ಒಟ್ಟಿಗೆ ಸೇರಬೇಕು. ಒಂದೇ ಸುರುಳಿಯ ಪಿಕಪ್‌ಗೆ 250 ಕಿಲೋ ಓಮ್, ಎರಡು ಸುರುಳಿಯದಕ್ಕೆ 500 ಕಿಲೋ ಓಮ್ ಪಾಟ್ ಹಾಕುವುದು ರೂಢಿ.

ಕುದುರೆಯ ಆಂಗಲ್‌ನಿಂದಲೂ ಒಂದು ವೈರನ್ನು ಗ್ರೌಂಡಿಗೆ ಬೆಸೆಯಿರಿ. ಇದನ್ನು ಮರೆತವರೇ ಜಾಸ್ತಿ. ಆಮೇಲೆ ಗಿಟಾರ್ ಗುಂಯ್ ಅನ್ನುತ್ತದೆ ಅಂತ ಪಿಕಪ್ ಬದಲಿಸಲು ಹೊರಡುತ್ತಾರೆ.

ಆಂಪ್ಲಿಫೈಯರನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಅದು 230 ವೋಲ್ಟ್ ವಿಷಯ. ನಿಮ್ಮ ಬೆರಳು, ತಂತಿ, ಕೈಯಲ್ಲಿರುವ ಉಕ್ಕು ಎಲ್ಲವೂ ಗ್ರೌಂಡಿಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದ ಪ್ಲಗ್ ಪಾಯಿಂಟ್‌ನಲ್ಲಿ ಆಂಪ್ಲಿಫೈಯರ್ ಕೆಟ್ಟರೆ ಜೀವಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇರುವ ಪಾಯಿಂಟ್ ಎರಡೂ ಇರಲೇಬೇಕು.

ಯಾವ ತಂತಿ, ಯಾವ ಶ್ರುತಿ?

ಹೊಸಬರಿಗೆ ಎರಡು ದಾರಿ.

ಮೊದಲನೆಯದು ಓಪನ್ ಡಿ. ದಪ್ಪ ತಂತಿಯಿಂದ ಶುರುಮಾಡಿ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಮಾಮೂಲಿ ಗಿಟಾರ್ ತಂತಿಯ ಸೆಟ್ ಸಾಕು. ಮಾಮೂಲಿ ಶ್ರುತಿಗಿಂತ ಕೆಲವು ತಂತಿಯನ್ನು ಇಳಿಸುತ್ತೇವೆ, ಯಾವುದನ್ನೂ ಏರಿಸುವುದಿಲ್ಲ. ತಂತಿ ಕಡಿಯುವ ಭಯ ಕಡಿಮೆ.

ಎರಡನೆಯದು ಸಿ ಆರನೇ ಶ್ರುತಿ. ದಪ್ಪದಿಂದ ಸಣ್ಣದಕ್ಕೆ ಸಿ, ಇ, ಜಿ, ಎ, ಸಿ, ಇ. ಹವಾಯಿ ಸಂಗೀತದವರಿಗೆ ಇದು ತುಂಬಾ ಪ್ರಿಯ. ಇದಕ್ಕೆ ಮಾಮೂಲಿ ಸೆಟ್ ಆಗುವುದಿಲ್ಲ. ಸಣ್ಣದರಿಂದ ದಪ್ಪಕ್ಕೆ 15, 18, 22, 26, 30, 36 ಗೇಜ್ ಬಿಡಿ ತಂತಿಗಳನ್ನು ತೆಗೆದುಕೊಳ್ಳಿ. ಗಿಟಾರ್ ತಂತಿಯ ವಿಷಯದಲ್ಲಿ ಗೇಜ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ; ಪಿಕಪ್ ಸುತ್ತುವ ತಾಮ್ರದ ತಂತಿಯ ಗೇಜ್ ಬೇರೆ ಲೆಕ್ಕ.

ಹೊಸ ತಂತಿ ಬಿಗಿಯುವಾಗ ಮುಖವನ್ನು ತಂತಿಯ ನೇರಕ್ಕೆ ತರಬೇಡಿ. ಪಕ್ಕದಲ್ಲಿ ಮಕ್ಕಳಿದ್ದರೆ ದೂರ ಕಳಿಸಿ.

ಮನೆಯಲ್ಲಿರುವ ಹಳೆ ಗಿಟಾರನ್ನೇ ಬದಲಿಸಿಕೊಳ್ಳಬಹುದಾ?

ಖಂಡಿತ. ನಟ್‌ನ ಮೇಲೆ ಕೂರುವ ಒಂದು ಲೋಹದ ಟೊಪ್ಪಿ ಸಿಗುತ್ತದೆ, ಅದನ್ನು ಹಾಕಿದರೆ ತಂತಿ ಮೇಲೆದ್ದು ಬಾರ್ ಮೆಟ್ಟಿಲಿಗೆ ತಾಗುವುದಿಲ್ಲ. ಓಪನ್ ಡಿಗೆ ಇಳಿಸಿ ನುಡಿಸಿ. ಈ ವಾದ್ಯ ನಿಮಗೆ ಹಿಡಿಸುತ್ತದಾ ಅಂತ ನೋಡಲು ಇದೇ ಒಳ್ಳೆ ದಾರಿ. ಟೊಳ್ಳು ಮೈಯ ಗಿಟಾರಿನಲ್ಲಿ ತಂತಿಗಳನ್ನು ಮಾಮೂಲಿ ಶ್ರುತಿಗಿಂತ ಮೇಲಕ್ಕೆ ಏರಿಸಬೇಡಿ, ಮೇಲ್ಹಲಗೆ ಉಬ್ಬುತ್ತದೆ.

ಪೆಡಲ್ ಇರುವ ಸ್ಟೀಲ್ ಗಿಟಾರ್ ಮಾಡಬಹುದಾ?

ಅದು ಬೇರೆಯೇ ಕೆಲಸ. ಕಾಲಿನ ಪೆಡಲ್ ಒತ್ತಿದರೆ ಸರಳುಗಳು ಎಳೆದು ತಂತಿಯ ಶ್ರುತಿ ಬದಲಾಗಬೇಕು, ಬಿಟ್ಟರೆ ಸರಿಯಾಗಿ ಮೊದಲಿನ ಜಾಗಕ್ಕೇ ಬರಬೇಕು. ಲೇತ್, ಮಿಲ್ಲಿಂಗ್ ಯಂತ್ರ ಇರುವವರಿಗೆ ಮಾತ್ರ.

ಪಾಲಿಶ್ ಏನು ಹಾಕಲಿ?

ನಾನು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚುತ್ತೇನೆ, ಆಚಾರ್ರು ಬಾಗಿಲಿಗೆ ಹಚ್ಚುವ ಹಾಗೆ. ತೆಳ್ಳಗೆ ಎಂಟು ಹತ್ತು ಕೈ. ಬೆಂಕಿಯಿಂದ ದೂರವಿಟ್ಟು, ಕಿಟಕಿ ತೆರೆದು ಮಾಡಿ. ಹಲಗೆಯ ಹಿಂಭಾಗ, ಪಿಕಪ್‌ಗೆ ತೋಡಿದ ಗುಂಡಿಯ ಒಳಗೂ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಮಳೆಗಾಲದ ತೇವವನ್ನು ಇನ್ನೊಂದು ಬದಿ ಹೀರಿಕೊಂಡು ಹಲಗೆ ತಿರುಚುತ್ತದೆ. ಮಲೆನಾಡು, ಕರಾವಳಿಯವರು ಇದನ್ನು ಬಿಡಲೇಬೇಡಿ. ಅಲ್ಲಿ ತಂತಿಗೂ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ.

ಗಿಟಾರ್ ತಯಾರಾಯಿತು. ನುಡಿಸಿದರೆ ಬೆಕ್ಕು ಕೂಗಿದ ಹಾಗಿದೆ. ಏನು ತಪ್ಪು?

ಗಿಟಾರಿನದಲ್ಲ. ಬಾರಿನ ಹಿಂದೆ, ಅಂದರೆ ನಟ್ ಕಡೆ ಉಳಿದ ತಂತಿಯೂ ನಡುಗುತ್ತಿರುತ್ತದೆ. ಎಡಗೈಯ ಉಂಗುರ ಬೆರಳು, ಕಿರುಬೆರಳನ್ನು ಬಾರಿನ ಹಿಂದೆ ತಂತಿಗಳ ಮೇಲೆ ಹಗುರವಾಗಿ ಮಲಗಿಸಿ. ಆ ಅಡ್ಡ ಸದ್ದು ನಿಲ್ಲುತ್ತದೆ. ಬಲಗೈಯಲ್ಲೂ ಮೀಟದ ತಂತಿಗಳನ್ನು ಅಂಗೈ ಅಂಚಿನಿಂದ ಮುಚ್ಚುವುದು ಕಲಿಯಬೇಕು. ಬಾರನ್ನು ಅದುಮಬೇಡಿ, ಸುಮ್ನೆ ಇಡಿ.

ಮೊದಲು ಏನು ನುಡಿಸಲಿ?

ಸಿ ಆರನೇ ಶ್ರುತಿ ಮಾಡಿದ್ದೀರಾ? ಹಾಗಾದರೆ ಸಿಯನ್ನು ಷಡ್ಜ ಅಂದುಕೊಂಡು ದಪ್ಪ ತಂತಿಯಿಂದ ಒಂದೊಂದೇ ಮೀಟಿ. ಸ, ಗ, ಪ, ಧ, ಸ, ಗ. ಬಾರ್ ಇಡದೆಯೇ ಮೋಹನ ರಾಗದ ನಾಲ್ಕು ಸ್ವರ ನಿಮ್ಮ ಮುಂದಿವೆ. ಹವಾಯಿಯವರು ತಮ್ಮ ಹಾಡಿಗೆ ಒಗ್ಗಿಸಿಕೊಂಡ ಶ್ರುತಿಯಲ್ಲಿ ನಮ್ಮ ಮೋಹನ ಕೂತಿರುವುದನ್ನು ಮೊದಲ ಸಲ ಗಮನಿಸಿದಾಗ ನನಗೆ ತುಂಬಾ ಖುಷಿಯಾಗಿತ್ತು. ಇಲ್ಲದಿರುವುದು ರಿ ಒಂದೇ. ಅದು ಸ ತಂತಿಯ ಎರಡನೇ ಗೆರೆಯಲ್ಲಿದೆ. ಧ ತಂತಿಯ ಐದನೇ ಗೆರೆಯಲ್ಲೂ, ಪ ತಂತಿಯ ಏಳನೇ ಗೆರೆಯಲ್ಲೂ ಮೇಲಿನ ಸ್ಥಾಯಿಯ ಅದೇ ರಿ ಸಿಗುತ್ತದೆ.

ತಂಬೂರಿ ಆ್ಯಪ್‌ನಲ್ಲಿ ಸಿ ಶ್ರುತಿ ಹಾಕಿಕೊಳ್ಳಿ. ಧ ತಂತಿಯನ್ನು ಮೂರನೇ ಗೆರೆಯಲ್ಲಿ ಮೀಟಿದರೆ ಮೇಲಿನ ಸ. ಅಲ್ಲಿಂದ ಬಾರನ್ನು ಎತ್ತದೆ, ನಿಧಾನವಾಗಿ ಐದನೇ ಗೆರೆಗೆ ಜಾರಿಸಿ. ರಿ ತಂಬೂರಿಯ ಜೊತೆ ಸೇರುವವರೆಗೆ ಕೂದಲೆಳೆಯಷ್ಟು ಆಚೀಚೆ ಮಾಡಿ ಕೇಳಿ. ಮತ್ತೆ ಸ ಗೆ ಬನ್ನಿ. ಮೊದಲ ವಾರ ಇಷ್ಟೇ ಸಾಕು.